ಅರ್ಥವಿಲ್ಲದ ಮನೆ

ರೇಡಿಯೋ ಗೊರಗೊರ ಅಂದರೆ ನಮ್ಮಪ್ಪ ಅದರ ನೆತ್ತಿಗೆ ಎರಡು ತಟ್ಟುತ್ತಿದ್ದರು, ಸುದ್ದಿ ಬರುತ್ತಿತ್ತು. ಲ್ಯಾಪ್‌ಟಾಪಿಗೂ ತಟ್ಟಿ ನೋಡಿದೆ. ಅದು ಆ ಕಾಲದ ಮರ್ಯಾದೆ ಕಲಿತಿಲ್ಲ.

ನಂಜನಗೂಡಿನ ನಮ್ಮ ಹಳೇ ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತರೆ ಸಾಕು, ಹಾಡಿನ ಬೆನ್ನಿಗೆ ಯಾರೋ ತಂಬೂರಿಯ ಒಂದೇ ತಂತಿ ಮೀಟಿದ ಹಾಗೆ 'ಗುಂಯ್'. ಮೊದಲ ಅನುಮಾನ ಕಿವಿಯ ಮೇಲೆ. "ನಾನು ಕರೆದಿದ್ದು ಕೇಳಿಸಲ್ಲ, ಇಲ್ಲದ ಸದ್ದು ಮಾತ್ರ ಕೇಳಿಸತ್ತೆ" ಅಂದಳು ಹೆಂಡತಿ. ಹೆಡ್‌ಫೋನ್ ಬದಲಾಯಿಸಿದೆ, ಡ್ರೈವರ್ ತೆಗೆದು ಮತ್ತೆ ಹಾಕಿದೆ. ಗುಂಯ್ ಹೋಗಲಿಲ್ಲ.

ತಿರುಮಕೂಡಲು ನರಸೀಪುರದ ಅಕ್ಕನ ಮನೆಗೆ ಹೋದಾಗ ಅದೇ ಲ್ಯಾಪ್‌ಟಾಪು, ಅದೇ ಚಾರ್ಜರು, ಸದ್ದೇ ಇಲ್ಲ! ಗುಂಜಾ ನರಸಿಂಹನ ಭಕ್ತರಾದ ಭಾವ ಬಿಡುತ್ತಾರೆಯೇ? "ಕಾಶಿಗಿಂತ ಗುಲಗಂಜಿ ತೂಕ ಹೆಚ್ಚು ಕಣಯ್ಯ ನಮ್ಮೂರು" ಅಂದರು.

ವಾಪಸ್ಸು ಬಂದೆ, ಗುಂಯ್ ಕಾದಿತ್ತು. ಒಂದು ರಾತ್ರಿ ಅಂಗೈ ಅಕಸ್ಮಾತ್ ಲ್ಯಾಪ್‌ಟಾಪಿನ ಲೋಹದ ಮೈಮೇಲೆ ಕೂತಿತು, ಸದ್ದು ಅಡಗಿತು. ಎತ್ತಿದೆ, ಶುರು. ಬೆರಳ ಹಿಂಬದಿ ಸವರಿದರೆ ಸಣ್ಣಗೆ ಜುಂ. ಚಾರ್ಜರ್ ಕಿತ್ತೆ, ಪೂರಾ ಮೌನ. ಮಾರನೆಯ ದಿನ ಎಲೆಕ್ಟ್ರಿಷಿಯನ್ ಬಂದು ಪ್ಲಗ್ಗಿನ ಮೇಲಿನ ದೊಡ್ಡ ತೂತಿಗೂ ಫೇಸಿಗೂ ಟೆಸ್ಟ್ ಲ್ಯಾಂಪ್ ಹಿಡಿದ. ಹತ್ತಲಿಲ್ಲ.

"ಈ ಮನೇಲಿ ಅರ್ಥ್ ಇಲ್ಲ ಸಾರ್."

ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನಿಗೆ ಇದನ್ನು ಕೇಳಬೇಕಾಯಿತು.

ಚಾರ್ಜರಿನೊಳಗಿನ ಕೆಪಾಸಿಟರ್ ದಾಟಿ ಚೂರುಪಾರು ಕರೆಂಟು ಸೋರುವುದು ಸಹಜವಂತೆ. ದಪ್ಪ ಪಿನ್ನು ಅದನ್ನು ನೆಲಕ್ಕೆ ಇಳಿಸಬೇಕು. ದಾರಿ ಇಲ್ಲದ್ದಕ್ಕೆ ಅದು ಲ್ಯಾಪ್‌ಟಾಪಿನ ಮೈಯೇರಿ, ಹೆಡ್‌ಫೋನಿನ ವೈರು ಹಿಡಿದು ನನ್ನ ಕಿವಿಗೆ ಬಂದಿತ್ತು. ಸೆಕೆಂಡಿಗೆ 50 ಸಲ ಹಿಂದೆಮುಂದೆ ಓಡಾಡುವ ಕರೆಂಟಿನದೇ ಆ ಗುಂಯ್.

ನರಸೀಪುರದ ಸಂಗಮ ನೆನಪಾಯಿತು. ನಮ್ಮೂರ ಕಪಿಲೆ ಅಲ್ಲಿ ಕಾವೇರಿಗೆ ಸೇರುವುದು ಕಣ್ಣಿಗೆ ಕಾಣುತ್ತದೆ. ಮೂರನೆಯದಾದ ಸ್ಫಟಿಕ ಸರೋವರ ಕಾಣುವುದಿಲ್ಲ. ಅದನ್ನು ಲೆಕ್ಕಕ್ಕೆ ಹಿಡಿಯದೆ ತ್ರಿವೇಣಿಯೂ ಇಲ್ಲ, 1989ರಿಂದ ನಡೆದುಬಂದ ಕುಂಭಮೇಳವೂ ಇಲ್ಲ. ನಮ್ಮ ಮನೆಯಲ್ಲಿ ಫೇಸ್, ನ್ಯೂಟ್ರಲ್ ಎರಡೂ ಹರಿಯುತ್ತಿದ್ದವು, ಮೂರನೆಯದು ಬತ್ತಿತ್ತು.

ಹಿತ್ತಲು ಅಗೆದಾಗ ತಾತನ ಕಾಲದ ಅರ್ಥ್ ಪೈಪು ಕುತ್ತಿಗೆಯಲ್ಲೇ ತುಕ್ಕು ಹಿಡಿದು ಮುರಿದಿತ್ತು. ಎಲೆಕ್ಟ್ರಿಷಿಯನ್ ಹೊಸ ಪೈಪು ಇಳಿಸಿ ಸುತ್ತ ಇದ್ದಿಲು, ಕಲ್ಲುಪ್ಪು ತುಂಬಿದ. "ದೊಡ್ಡ ಜಾತ್ರೆ ಹೊತ್ತಿಗೆ ನೆಲ ಒಣಗ್ತದೆ, ವಾರಕ್ಕೊಂದು ಬಿಂದಿಗೆ ನೀರು ಹುಯ್ಯಿರಿ" ಅಂದ. ತಪ್ಪದೆ ಹುಯ್ಯುತ್ತಿದ್ದೇನೆ. ಗುಂಯ್ ನಿಂತಿದೆ, ಹೆಂಡತಿ ಕರೆದದ್ದು ಕೇಳಿಸಲಿಲ್ಲ ಅನ್ನಲು ಇದ್ದ ನೆಪವೂ ಅದರ ಜೊತೆಗೇ ಹೋಯಿತು.