ಪೇಟಿ ಎಲ್ಲಿಡೋದು, ಕಾಕಾ?

ನಮ್ಮ ಮನೆಗೂ ಕಾಕಾನ ಮನೆಗೂ ನಡುವೆ ಎದೆಮಟ್ಟದ ಕಲ್ಲುಗೋಡೆ. ಸಂಜೆ ದನ ಕಟ್ಟಿ ಬಂದ ಮೇಲೆ ಅವರು ಆ ಕಡೆ, ನಾನು ಈ ಕಡೆ, ಗೋಡೆಯ ಮೇಲೆ ಎರಡು ಕಪ್ಪು ಚಹಾ. ಮೊನ್ನೆ ಚಹಾದ ಪಕ್ಕದಲ್ಲಿ ನನ್ನ ಹಾರ್ಮೋನಿಯಂ ಪೇಟಿಯೂ ಕೂತಿತ್ತು. ಮಳೆಗಾಲವಿಡೀ ಮುಚ್ಚಿಟ್ಟದ್ದು, ಇಲಿ ತಿದಿ ಕಡಿದಿದೆಯೋ, ತಂಪಿಗೆ ಸ್ವರದ ಮನೆಗಳು ಅಂಟಿಕೊಂಡಿವೆಯೋ ನೋಡೋಣವೆಂದು ಹೊರಗೆ ತಂದಿದ್ದೆ.

"ಯಾಕ ತಮ್ಮಾ, ಪೇಟಿ ಮಾರ್ಲತ್ತಿ ಏನು?" ಅಂದರು ಕಾಕಾ.

"ಇಲ್ರೀ ಕಾಕಾ. ಅಣ್ಣನ ಮಗ ಬೆಂಗಳೂರಿಂದ ಬಂದಾನ. ಗಿಟಾರ ಬಾರಸ್ತಾನ. ಊರಾಗ ಕೂತು ಬಾರಸ್ಲಿಕ್ಕ ಜಾಗಾ ಎಲ್ಲದ ಅಂತ ಕೇಳ್ದ. ನಂಗ ಜವಾಬು ಹೊಳೀಲಿಲ್ಲ."

ಕಾಕಾ ಕಪ್ಪು ಕೆಳಗಿಟ್ಟರು. ಐವತ್ತು ವರ್ಷ ಭಜನೆಯಲ್ಲಿ ತಾಳ ಹಿಡಿದ ಕೈ ಅದು. "ದುಬಲಗುಂಡ್ಯಾಗ ಹಾಡ್ಲಿಕ್ಕ ಜಾಗಾ ಇಲ್ಲಂದ್ರ? ಹಿಂಗ್ಯಾಕ ಅಂದಾನ ಹುಡುಗ?"

ಹುಡುಗ ಹಾಗಂದದ್ದಕ್ಕೆ ಕಾರಣ ಇದೆ. ಬೆಂಗಳೂರಿನಲ್ಲಿ ಅವನಿಗೆ ಜಾಗ ಅಂದರೆ ಕಾಫಿ ಅಂಗಡಿಯ ಒಂದು ಮೂಲೆ. ವಾರಕ್ಕೊಂದು ಸಂಜೆ ಯಾರು ಬೇಕಾದರೂ ಹಾಡಬಹುದು, ಮೊದಲೇ ಹೆಸರು ಕೊಡಬೇಕು, ಎರಡು ಹಾಡಿಗೆ ಅವಕಾಶ. ಒಂದು ಮೈಕು, ಒಂದು ಎತ್ತರದ ಸ್ಟೂಲು, ಮುಖಕ್ಕೆ ಬೀಳುವ ದೀಪ. ಅದನ್ನು ನಾನು ಹಗುರಾಗಿ ಕಾಣುವುದಿಲ್ಲ. ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡಿ, ಸಂಜೆ ಹೆಗಲಿಗೆ ಗಿಟಾರು ಹಾಕಿಕೊಂಡು ಅಷ್ಟು ದೂರ ಹೋಗುವ ಹುಡುಗರಿಗೆ ಹಾಡಿನ ಹಸಿವು ಇದ್ದೇ ಇದೆ. ಆದರೆ ಆ ಮೈಕು, ಆ ಸ್ಟೂಲು ಇಲ್ಲಿ ಕಾಣಲಿಲ್ಲವೆಂದು ಅವನು ಊರಲ್ಲಿ ಜಾಗವೇ ಇಲ್ಲ ಅಂದುಬಿಟ್ಟ.

ಕಾಕಾ ಗುಡಿಯಿಂದಲೇ ಶುರು ಮಾಡಿದರು. ಸೋಮವಾರ ಈಶ್ವರನ ಗುಡಿ, ಶನಿವಾರ ಹನುಮಾನ ಗುಡಿ, ಶ್ರಾವಣದಲ್ಲಂತೂ ತಿಂಗಳಿಡೀ ದಿನಾ ರಾತ್ರಿ. ಗುಡಿಯ ಪಡಸಾಲೆಯಲ್ಲಿ ಜಮಖಾನ ಹಾಸಿ, ನಡುವೆ ಪೇಟಿ, ಅದರ ಬಲಕ್ಕೆ ತಬಲಾ, ಸುತ್ತ ತಾಳ ಹಿಡಿದವರು. ಯಾರೂ ಜನರ ಕಡೆ ಮುಖ ಮಾಡಿ ಕೂಡುವುದಿಲ್ಲ, ಒಬ್ಬರ ಮುಖ ಒಬ್ಬರಿಗೆ. ಒಬ್ಬ ಪಲ್ಲ ಎತ್ತುತ್ತಾನೆ, ಉಳಿದವರು ಹಿಂದೆ ಹಾಡುತ್ತಾರೆ. ಅವನ ಉಸಿರು ಮುಗಿಯುವ ಹೊತ್ತಿಗೆ ಇವರ ದನಿ ಏರಿರುತ್ತದೆ. ಕೇಳಲು ಬಂದವನು ಹತ್ತು ನಿಮಿಷದಲ್ಲಿ ಹಾಡುವವನಾಗಿರುತ್ತಾನೆ, ಯಾಕೆಂದರೆ ಎರಡು ಸಲ ಕೇಳಿದ ಪಲ್ಲ ಮೂರನೆಯ ಸಲ ತಾನಾಗಿ ಬಾಯಿಗೆ ಬರುತ್ತದೆ.

ಕಾಕಾ ಇದನ್ನು ಹೇಳುವಾಗ ನನಗೆ ಹುಡುಗ ಮೊಬೈಲಿನಲ್ಲಿ ತೋರಿಸಿದ ಒಂದು ದೃಶ್ಯ ನೆನಪಾಯಿತು. ಐರ್ಲೆಂಡಿನ ಕ್ಲೇರ್ ಸೀಮೆಯಲ್ಲಿ ಡೂಲಿನ್ ಎಂಬ ಸಣ್ಣ ಹಳ್ಳಿ. ಅಲ್ಲಿಯ ಪಬ್ಬುಗಳಲ್ಲಿ ರೈತರು, ಮಾಸ್ತರರು ಒಂದು ಮೇಜಿನ ಸುತ್ತ ಕೂತು ಪಿಟೀಲು, ಕೊಳಲು ನುಡಿಸುತ್ತಾರೆ. ಬಂದ ಗಿರಾಕಿಗಳಿಗೆ ಬೆನ್ನು, ತಮ್ಮ ತಮ್ಮಲ್ಲಿ ಮುಖ. ಕಾಕಾನಿಗೂ ತೋರಿಸಿದೆ. ತುಸು ಹೊತ್ತು ನೋಡಿ, "ನಮ್ಮಂಗೇ ಕುಂತಾರಲ್ಲೋ! ಪೇಟಿ ಒಂದ ಇಲ್ಲ," ಅಂದರು.

ಪೇಟಿ ಕೂಡ ಹುಟ್ಟಿದ್ದು ಆ ಕಡೆಯೇ. 1842ರಲ್ಲಿ ಪ್ಯಾರಿಸಿನಲ್ಲಿ ದೆಬೆಯಿನ್ ಎಂಬಾತ ಹಾರ್ಮೋನಿಯಂಗೆ ಪೇಟೆಂಟ್ ಪಡೆದ. ಅದು ಕಾಲಿನಿಂದ ತಿದಿ ಒತ್ತುವ ದೊಡ್ಡ ವಾದ್ಯ. ನೆಲದ ಮೇಲೆ ಕೂತು ಎಡಗೈಯಿಂದ ಗಾಳಿ ಹಾಕುವ ಹಾಗೆ ಅದನ್ನು ಬದಲಿಸಿದವರು ನಮ್ಮ ಕಲ್ಕತ್ತಾದವರು. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಈ ಪೇಟಿಯನ್ನು ಹೊರಗೆ ಹಾಕಿತು. ನಮ್ಮ ಸಂಗೀತದ ಗಮಕ, ಮೀಂಡು ಇದರಲ್ಲಿ ಬರುವುದಿಲ್ಲ ಅನ್ನುವುದು ತಕರಾರು. ಮತ್ತೆ ಒಳಗೆ ಬಿಟ್ಟದ್ದು 1971ರಲ್ಲಿ, ಅದೂ ಷರತ್ತು ಹಾಕಿ. ಕಲಬುರಗಿ ಆಕಾಶವಾಣಿ 1966ರಲ್ಲಿ ಶುರುವಾದಾಗ ಕಾಕಾ ಇನ್ನೂ ಹುಡುಗ, ರೇಡಿಯೋ ಇದ್ದವರ ಮನೆ ಕಟ್ಟೆಗೆ ಹೋಗಿ ಕೇಳುತ್ತಿದ್ದರಂತೆ. ಮೂವತ್ತು ವರ್ಷ ರೇಡಿಯೋದ ಬಾಗಿಲ ಹೊರಗಿದ್ದ ವಾದ್ಯಕ್ಕೆ ಹಳ್ಳಿಯ ಗುಡಿಯಲ್ಲಿ ಒಂದು ರಾತ್ರಿಯೂ ಜಾಗ ತಪ್ಪಲಿಲ್ಲ. ಹತ್ತು ದನಿ ಒಂದೇ ಶ್ರುತಿಗೆ ಬರಬೇಕಾದರೆ ಅದು ಬೇಕೇ ಬೇಕು. ಗಂಡಸರೇ ಇದ್ದರೆ ಶ್ರುತಿಗೆ ಕಪ್ಪು ಒಂದು, ಅಂದರೆ ಮೊದಲನೆಯ ಕಪ್ಪು ಮನೆ, ಹಿಡಿಯುತ್ತೇವೆ. ಹೆಣ್ಣುಮಕ್ಕಳು ಬಂದು ಕೂತ ದಿನ ಕಪ್ಪು ನಾಲ್ಕಕ್ಕೆ ಏರಬೇಕು. ಇಲ್ಲದಿದ್ದರೆ ಅವರ ದನಿ ನೆಲ ಹಿಡಿಯುತ್ತದೆ. ಇಷ್ಟು ಸಣ್ಣ ವಿಷಯ ಗೊತ್ತಿಲ್ಲದೆ ಎಷ್ಟೋ ಭಜನೆಗಳಲ್ಲಿ ಹೆಣ್ಣುಮಕ್ಕಳನ್ನು ಬರೀ ಕೇಳುವವರನ್ನಾಗಿ ಮಾಡಿದ್ದೇವೆ. ಬುಲಾಯಿ ಪದ ಹಾಡುವ ಕೊರಳುಗಳು ಅವು, ಬೀಸುವ ಕಲ್ಲಿನ ಮುಂದೆ ತಾಸುಗಟ್ಟಲೆ ಹಾಡಿದ ತಾಯಂದಿರ ಮಕ್ಕಳು. ಈ ತಪ್ಪು ನಮ್ಮದು.

"ಗುಡಿ ಆಯ್ತು. ಮುಂದ?" ಅಂದೆ.

"ಮುಂದ ಮಾಣಿಕನಗರ," ಅಂದರು. ಹುಮನಾಬಾದಿಗೆ ಹತ್ತಿಕೊಂಡೇ ಇರುವ ಊರು. ವಿರಜಾ, ಗುರುಗಂಗಾ ಹೊಳೆಗಳೆರಡೂ ಕೂಡುವಲ್ಲಿ ಮಾಣಿಕಪ್ರಭುಗಳ ಸಂಸ್ಥಾನ. ಪ್ರಭುಗಳು ಹುಟ್ಟಿದ್ದು 1817ರಲ್ಲಿ, ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ; ಸಮಾಧಿಯಾದದ್ದು 1865ರಲ್ಲಿ. ಎಲ್ಲ ಮತಗಳೂ ಒಂದೇ ಕಡೆ ಕರೆದೊಯ್ಯುತ್ತವೆ ಅನ್ನುವ ಸಕಲಮತ ಸಂಪ್ರದಾಯ ಅವರದು. ಮರಾಠಿ, ಕನ್ನಡ, ಹಿಂದಿ, ಸಂಸ್ಕೃತ ಎಲ್ಲದರಲ್ಲೂ ಪದ ಕಟ್ಟಿದರು. ಮೂರು ಭಾಷೆ ಸೇರುವ ಈ ಸೀಮೆಯಲ್ಲಿ ಹಾಗೆ ಮಾಡದೆ ಗತಿಯಿಲ್ಲ. ನಮ್ಮ ಭಜನೆಯಲ್ಲೂ ಒಂದು ವಚನ, ಒಂದು ಅಭಂಗ, ಒಂದು ತತ್ವಪದ ಬೆನ್ನಿಗೆ ಬೆನ್ನು ಹತ್ತಿ ಬರುತ್ತವೆ. ಮಾರ್ಗಶಿರ ಹುಣ್ಣಿಮೆಗೆ ಮಾಣಿಕನಗರದಲ್ಲಿ ದತ್ತ ಜಯಂತಿ. ದೊಡ್ಡ ದೊಡ್ಡ ಗವಾಯಿಗಳು ಬಂದು ಸೇವೆ ಸಲ್ಲಿಸುತ್ತಾರೆ. ನಮ್ಮಂಥವರು ದೂರ ಕೂತು ಕೇಳುತ್ತೇವೆ. ಆದರೆ ಸಮಾಧಿಯ ಮುಂದೆ ಭಜನೆ ಶುರುವಾದಾಗ ಗವಾಯಿ ಯಾರು, ಹೊಲದ ಆಳು ಯಾರು ಎಂದು ಯಾರೂ ಕೇಳುವುದಿಲ್ಲ. ಮಹಾಕಲಾವಿದರನ್ನು ಕೇಳಿದ ಕಿವಿಯಿಂದಲೇ ಎದ್ದು ಹೋಗಿ ತಾನೂ ದನಿ ಸೇರಿಸುವ ಭಾಗ್ಯ ದೊಡ್ಡ ಪೇಟೆಯ ಸಭಾಭವನಗಳಲ್ಲಿ ಎಲ್ಲಿ ಸಿಗಬೇಕು?

ಆಮೇಲೆ ಕಾಕಾ ತಿಂಗಳುಗಳನ್ನೇ ಎಣಿಸಿದರು. ದತ್ತ ಜಯಂತಿ ಮುಗಿದ ಎರಡು ವಾರಕ್ಕೆ ಎಳ್ಳಮಾಸಿ. ಭಜ್ಜಿ, ಅಂಬಲಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಊರಿಗೂರೇ ಹೊಲಕ್ಕೆ ಹೋಗುವ ದಿನ. ಉಂಡ ಮೇಲೆ ಬೇವಿನ ಗಿಡದ ಕೆಳಗೆ ಏಕತಾರಿ, ದಮ್ಮಡಿ. ಬಯಲಲ್ಲಿ ದನಿ ಹಾರಿಹೋಗುತ್ತದೆ, ಬಗಲಲ್ಲಿ ಕೂತವನಿಗಷ್ಟೇ ಕೇಳಿಸುತ್ತದೆ. ಕಡಕೋಳ ಮಡಿವಾಳಪ್ಪನವರ ತತ್ವಪದಕ್ಕೆ ಅದೇ ಸರಿ, ಅವು ಕಿವಿಯ ಹತ್ತಿರ ಹೇಳುವ ಮಾತುಗಳು. ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ. ಮೊಹರಂ ಬಂದರೆ ಅಲಾಯಿ ಕುಣಿಯ ಸುತ್ತ ಕನ್ನಡದಲ್ಲೇ ರಿವಾಯತ್ ಪದ. ಹಾಡುವವರಲ್ಲಿ ಅರ್ಧಕ್ಕರ್ಧ ನಮ್ಮ ಭಜನೆಯವರೇ.

ಬೀದಿಯನ್ನೂ ಮರೆಯಬಾರದು. ಭೀಮಸೇನ ಜೋಶಿಯವರು ಗದಗಿನಲ್ಲಿ ಚಿಕ್ಕ ಹುಡುಗನಾಗಿದ್ದಾಗ ಬೀದಿಯಲ್ಲಿ ಹಾಯುವ ಭಜನೆ, ವಾದ್ಯಗಳ ಹಿಂದೆ ಹೋಗಿಬಿಡುತ್ತಿದ್ದರು. ದಣಿದು ಎಲ್ಲೋ ನಿದ್ದೆ ಹೋದ ಮಗನನ್ನು ಹುಡುಕಿ ಸಾಕಾಗಿ, ತಂದೆ ಅಂಗಿಯ ಮೇಲೆ ಜೋಶಿ ಮಾಸ್ತರರ ಮಗ ಎಂದು ಬರೆಸಿದರಂತೆ. ಆ ಬೀದಿಯಲ್ಲಿ ಹಾಡುತ್ತ ಹೋದವರು ಯಾರೋ ಹವ್ಯಾಸಿಗಳೇ. ತಮ್ಮ ಬೆನ್ನಹಿಂದೆ ಬರುತ್ತಿರುವ ಹುಡುಗ ಯಾರೆಂದು ಅವರಿಗೇನು ಗೊತ್ತು?

ನಮ್ಮ ಸೀಮೆಯಿಂದ ಮುಂಬೈಗೆ ದುಡಿಯಲು ಹೋದವರು ಬೇರೆಯದೇ ಜಾಗ ಕಂಡುಕೊಂಡರು. ಲೋಕಲ್ ಗಾಡಿಯ ಡಬ್ಬಿಯಲ್ಲಿ ದಿನವೂ ಒಂದೇ ಗಾಡಿ, ಒಂದೇ ಮೂಲೆ. ಢೋಲಕಿ, ತಾಳ ಹಿಡಿದು ಆಫೀಸಿನ ತನಕ ಭಜನೆ. ನಿಲ್ಲಲು ಜಾಗವಿಲ್ಲದ ಗಾಡಿಯಲ್ಲಿ ಹಾಡಲು ಜಾಗ ಮಾಡಿಕೊಂಡವರು ಅವರು.

ಇಷ್ಟೆಲ್ಲ ಹೇಳಿ ಕಾಕಾ ಸುಮ್ಮನಾದರು. ನನಗೆ ಗೊತ್ತಿತ್ತು, ಅವರು ಒಂದು ಜಾಗ ಬಿಟ್ಟಿದ್ದಾರೆ. ನನ್ನ ಮುಂದೆ ಅದರ ಹೆಸರು ಎತ್ತಲು ಅವರಿಗೆ ಸಂಕೋಚ. ನಾನೇ ಎತ್ತಿದೆ.

ಸಾವಿನ ಮನೆ.

ನಮ್ಮ ಮುತ್ಯಾ ತೀರಿಕೊಂಡಾಗ ನನಗೆ ಹದಿನಾರು. ಹೆಣವನ್ನು ಗೋಡೆಗೆ ಕೂಡಿಸಿ, ವಿಭೂತಿ ಹಚ್ಚಿ, ಹೂ ಏರಿಸಿದ್ದರು. ದೂರದ ಬೀಗರು ಬರಬೇಕು, ಮಣ್ಣು ಮರುದಿನ. ಕತ್ತಲಾಗುತ್ತಿದ್ದ ಹಾಗೆ ಭಜನೆಯವರು ಬಂದರು. ಯಾರೂ ಕರೆದಿರಲಿಲ್ಲ, ಕರೆಯುವ ಪದ್ಧತಿಯೂ ಇಲ್ಲ. ಅಂಗಳದಲ್ಲಿ ಕೂತು ಹಾಡತೊಡಗಿದರು. ನಡುರಾತ್ರಿಗೆ ಪೇಟಿ ಬಾರಿಸುವ ಹಿರಿಯರಿಗೆ ಕೈ ಸೋತು, ಕಾಕಾ ಆ ಪೇಟಿಯನ್ನು ತಂದು ನನ್ನ ಮುಂದಿಟ್ಟರು. "ಮುತ್ಯಾಗ ಕೇಳ್ಸು," ಅಂದರು, ಅಷ್ಟೇ. ನನಗೆ ಬರುತ್ತಿದ್ದುದು ಎರಡು ಧಾಟಿ. ಕಣ್ಣು ಮಂಜಾಗಿ ಮನೆಗಳು ಕಾಣುತ್ತಿರಲಿಲ್ಲ. ಎರಡನೆಯ ನುಡಿಯಲ್ಲಿ ಬೆರಳು ತಪ್ಪಿತು, ನಿಂತುಹೋದೆ. ನಾನು ನಿಂತರೂ ಹಾಡು ನಿಲ್ಲಲಿಲ್ಲ. ಹಿಂದೆ ಕೂತವರು ಪಲ್ಲವನ್ನು ಎತ್ತಿಕೊಂಡು, ನನ್ನ ಬೆರಳು ಮತ್ತೆ ಮನೆ ಹುಡುಕಿಕೊಳ್ಳುವ ತನಕ ಅದನ್ನೇ ತಿರುಗಿಸಿ ತಿರುಗಿಸಿ ಹಾಡಿದರು. ನಾಲ್ಕು ಸಲವೋ ಐದು ಸಲವೋ. ನಾನು ತಪ್ಪಿದ್ದು ಅಮ್ಮನಿಗೆ ಗೊತ್ತೇ ಆಗಲಿಲ್ಲ. ಒಳಗೆ ಅಳುತ್ತಿದ್ದ ಹೆಂಗಸರು ಬೆಳಗಿನ ಜಾವಕ್ಕೆ ಹಿಂದೆ ಹಾಡುತ್ತಿದ್ದರು.

ಹವ್ಯಾಸಿಗೆ ಒಳ್ಳೆಯ ಜಾಗ ಯಾವುದು ಅಂದರೆ ನನ್ನ ಉತ್ತರ ಇದೇ. ನಾನು ತಪ್ಪಿದಾಗ ಹಾಡನ್ನು ಎತ್ತಿಕೊಳ್ಳುವವರು ಎಲ್ಲಿ ಕೂತಿರುತ್ತಾರೋ ಅಲ್ಲಿ. ಪಕ್ಕದ ಬಸವಕಲ್ಯಾಣದಲ್ಲಿದ್ದ ಬಸವಣ್ಣನವರೇ, ತಾಳದ ಅಳತೆ, ಗಣಗಳ ಲೆಕ್ಕ ತಮಗೆ ತಿಳಿಯದು, ಪ್ರೀತಿ ಬಂದ ಹಾಗೆ ಹಾಡುತ್ತೇನೆ ಅನ್ನುವ ಅರ್ಥದ ವಚನ ಬರೆದಿದ್ದಾರೆ. ಅಂಥವರಿಗೆ ಹಾಗೆ ಹೇಳುವ ಧೈರ್ಯ ಬಂದದ್ದು ಸುತ್ತ ಕೂತ ಶರಣರ ಮೇಲಿನ ನಂಬಿಕೆಯಿಂದ ಎಂದು ನಾನು ತಿಳಿದಿದ್ದೇನೆ.

ವೇದಿಕೆಯಲ್ಲಿ ಆ ನಂಬಿಕೆ ಸಿಗುವುದು ಕಷ್ಟ. ಒಮ್ಮೆ ಒಂದು ಸಮಾರಂಭಕ್ಕೆ ನಮ್ಮ ಮಂಡಳಿಯನ್ನು ಕರೆದರು. ಅತಿಥಿಗಳು ಬರುವುದು ತಡ, ಅಲ್ಲಿಯ ತನಕ ಹಾಡಿ ಅಂದರು. ಮೈಕು ಒಂದೇ; ಅದನ್ನು ಮುಂದೆ ಹಾಡುವವನಿಗೆ ಕೊಟ್ಟರು. ಹಿಂದಿನವರ ದನಿ ಯಾರಿಗೂ ಕೇಳಿಸಲಿಲ್ಲ. ಎರಡನೆಯ ಪದದ ನಡುವೆ ಕಾರು ಬಂತು, ನಿಲ್ಲಿಸಿ ಅಂದರು, ನಿಲ್ಲಿಸಿದೆವು. ಆ ಅರ್ಧ ಪದ ಇವತ್ತಿಗೂ ಎದೆಯಲ್ಲಿ ಸಿಕ್ಕಿಕೊಂಡಿದೆ.

"ಮತ್ತ ಈ ಡಿಜೆ," ಅಂದರು ಕಾಕಾ. ಹೌದು, ಡಿಜೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಬಯಲಲ್ಲಿ ಧ್ವನಿವರ್ಧಕ ಹಚ್ಚಬಾರದು ಎಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ನನ್ನ ದುಃಖ ನಿಯಮದ್ದಲ್ಲ. ಆ ಡಬ್ಬಿಗಳ ಮುಂದೆ ನೂರು ಜನ ಕುಣಿದರೂ ಒಬ್ಬನ ಬಾಯಿಂದಲೂ ಹಾಡು ಹೊರಡುವುದಿಲ್ಲ. ಹೊರಟರೂ ಪಕ್ಕದವನಿಗೆ ಕೇಳಿಸುವುದಿಲ್ಲ.

ಜಾಗ ಹೋಗುವ ಇನ್ನೊಂದು ದಾರಿ ಇದೆ, ಸದ್ದಿಲ್ಲದ ದಾರಿ. ಎಷ್ಟೋ ಊರುಗಳ ಗುಡಿ ಪಡಸಾಲೆಗಳಲ್ಲಿ ಈಗ ಮದುವೆಯ ಪಾತ್ರೆ, ಮುರಿದ ಕುರ್ಚಿ, ಸಿಮೆಂಟಿನ ಚೀಲ ಪೇರಿಸಿಟ್ಟಿದ್ದಾರೆ. ಹೊಸದಾಗಿ ಕಟ್ಟಿದಲ್ಲಿ ಮೇಲೆ ತಗಡು. ಮಳೆ ಬಂದರೆ ತಬಲಾ ಪಕ್ಕದಲ್ಲಿದ್ದರೂ ಕೇಳಿಸದು. ಹಳೆಯ ಕಲ್ಲು-ಗಾರೆಯ ಪಡಸಾಲೆಯಲ್ಲಿ ಒಂದು ದನಿ ಗೋಡೆಗೆ ತಾಗಿ ತಿರುಗಿ ಬಂದು ಹೆಗಲ ಮೇಲೆ ಕೈ ಇಟ್ಟ ಹಾಗೆ ಆಗುತ್ತಿತ್ತು. ಆ ಪಡಸಾಲೆ ಕೆಡವುವ ಮುಂಚೆ ಊರಿನವರು ಒಂದು ಸಲ ಒಳಗೆ ಕೂತು ಹಾಡಿ ನೋಡಬೇಕು.

ನಾವು ಇಷ್ಟು ಮಾತಾಡುವ ಹೊತ್ತಿಗೆ ಹುಡುಗ ಒಳಗಿಂದ ಬಂದು ಗೋಡೆಯ ಮೇಲಿನ ಪೇಟಿ ತೆರೆದು ಮನೆಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಿದ್ದ. ಮೂರು ಸ್ವರ ಅಂಟಿಕೊಂಡಿದ್ದವು, ತಿದಿ ಗಟ್ಟಿ ಇತ್ತು.

"ನಿನ್ನ ಗಿಟಾರ ಕಪ್ಪು ಒಂದಕ್ಕ ಬರ್ತದೇನೋ?" ಅಂದರು ಕಾಕಾ.

"ಒಂದು ಕ್ಲಿಪ್ ಹಚ್ಚಿದ್ರ ಬರ್ತದ, ಅಜ್ಜಾ."

"ಬಂದ್ರ ಸೋಮವಾರ ಬಾ. ಮುಂದ ಕುಂದ್ರಬ್ಯಾಡ. ಮೊದಲ ನಾಕು ವಾರ ಹಿಂದ ಹಾಡು."

ಹುಡುಗ ರಜೆಯನ್ನು ಸೋಮವಾರದ ತನಕ ಮುಂದುವರಿಸಿದ್ದಾನೆ. ನೀವೂ ಈ ಕಡೆ ಬಂದರೆ ಗುಡಿಗೆ ಬನ್ನಿ. ರಾತ್ರಿ ಊಟ ಮುಗಿಸಿ ಒಂಬತ್ತಕ್ಕೆ ಕೂಡುತ್ತೇವೆ. ಹಾಡಲು ಬರದಿದ್ದರೂ ನಡೆದೀತು. ನಮ್ಮಲ್ಲಿ ಆರು ಜೋಡಿ ತಾಳ ಇವೆ, ಹಿಡಿಯುವವರು ಈಗ ಮೂರೇ ಜನ.