ಮಂಡಿ ನೋವಿಗೆ ಮಾತ್ರೆ, ಜೊತೆಗೆ ಸೂಜಿ

"ಮಂಡಿಗೇ ಇಂಜೆಕ್ಷನ್ ಹಾಕ್ತಾರಂತೆ ಕಣೇ. ಅದಾದ ಮೇಲೂ ಮಾತ್ರೆ ನುಂಗಬಹುದಾ?"

ನುಂಗಬಹುದು ಅಕ್ಕಾ. ಆದ್ರೆ ಯಾವ ಮಾತ್ರೆ, ಎಷ್ಟು ದಿನ ಅಂತ ಡಾಕ್ಟರ್ ಹೇಳಬೇಕು. ಏಸಿಕ್ಲೋಫೆನಾಕ್, ಡೈಕ್ಲೋಫೆನಾಕ್ ಎಲ್ಲ ಒಂದೇ ಕುಲದವು. ಎರಡನ್ನೂ ಒಟ್ಟಿಗೆ ತಗೊಳ್ಳಲೇಬಾರದು. ನುಂಗಿದ ಮಾತ್ರೆ ರಕ್ತದ ಜೊತೆ ಮೈಯೆಲ್ಲ ಸುತ್ತುತ್ತೆ. ದಿನಾ ತಗೊಂಡ್ರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಬಿಪಿ ಏರಬಹುದು, ಕಿಡ್ನಿಗೂ ಪೆಟ್ಟು. ನೀವು ಬಿಪಿ ಮಾತ್ರೆ ತಗೊಳ್ಳೋರು, ನಿಮಗೆ ಇನ್ನೂ ಎಚ್ಚರ ಬೇಕು. ಏಸಿಕ್ಲೋಫೆನಾಕ್ ಜೊತೆ ಪ್ಯಾರಾಸಿಟಮಾಲ್ ಸೇರಿಸಿರೋ ಮಾತ್ರೆಯೂ ಬರುತ್ತೆ. ಅದನ್ನ ನುಂಗಿ, ಮೈಕೈ ನೋವು ಅಂತ ಮೇಲೊಂದು ಪ್ಯಾರಾಸಿಟಮಾಲ್ ನುಂಗಿದ್ರೆ ಅದು ದುಪ್ಪಟ್ಟಾಗುತ್ತೆ.

"ಹಾಗಾದ್ರೆ ಸೂಜಿನೇ ವಾಸಿ ಅನ್ನು."

ಸ್ಟೀರಾಯ್ಡ್ ಸೂಜಿ ಕೀಲಿನ ಒಳಗೇ ಹೋಗಿ ಬಾವು ಇಳಿಸುತ್ತೆ, ನಿಜ. ಆದ್ರೆ ಆ ಸುಖ ಕೆಲವು ವಾರದ್ದು. ಶುಗರ್ ಇದ್ದವರಿಗೆ ಹಾಕಿಸ್ಕೊಂಡ ಮೇಲೆ ಕೆಲವು ದಿನ ಶುಗರ್ ಏರುತ್ತೆ. ನೋವು ಬಂದಾಗೆಲ್ಲ ಹಾಕಿಸ್ಕೊಳ್ಳೋಕೂ ಆಗಲ್ಲ. 2017ರಲ್ಲಿ ಅಮೆರಿಕದ ಒಂದು ಅಧ್ಯಯನ ಬಂತು. 140 ಜನರಲ್ಲಿ ಅರ್ಧ ಮಂದಿಗೆ ಸ್ಟೀರಾಯ್ಡ್, ಉಳಿದವರಿಗೆ ಬರೀ ಸಲೈನ್, ಮೂರು ತಿಂಗಳಿಗೊಮ್ಮೆಯಂತೆ ಎರಡು ವರ್ಷ ಕೊಟ್ಟು ನೋಡಿದ್ರು. ಕೊನೆಗೆ ನೋವಿನಲ್ಲಿ ಹೇಳಿಕೊಳ್ಳೋ ವ್ಯತ್ಯಾಸವೇ ಇರಲಿಲ್ಲ. ಸ್ಟೀರಾಯ್ಡ್ ತಗೊಂಡವರ ಮೃದ್ವಸ್ಥಿ ಮಾತ್ರ ಹೆಚ್ಚು ಸವೆದಿತ್ತು.

"ಮತ್ತೆ ಎರಡೂ ಯಾಕೆ ಕೊಡ್ತಾರೆ?"

ಅಲ್ಲೇ ಇರೋದು ಅಕ್ಕಾ ವಿಷಯ. ನೋವು ವಿಪರೀತ ಇದ್ದಾಗ ವ್ಯಾಯಾಮ ಮಾಡಿ ಅಂದ್ರೆ ಯಾರ ಕೈಲಾಗುತ್ತೆ? ಸೂಜಿಯಿಂದ ನೋವು ತಗ್ಗಿದ ಆ ವಾರಗಳಲ್ಲಿ ಡಾಕ್ಟರನ್ನ ಕೇಳಿ ಮಾತ್ರೆ ಕಡಿಮೆ ಮಾಡ್ಕೊಂಡು, ತೊಡೆಗೆ ಬಲ ತಂದ್ಕೋಬೇಕು. ಕುರ್ಚಿ ಮೇಲೆ ಕೂತು ಕಾಲು ನೀಟಾಗಿ ಚಾಚಿ, ಸ್ವಲ್ಪ ಹೊತ್ತು ಹಿಡಿದು ಇಳಿಸೋದು, ಅಷ್ಟರಿಂದ ಶುರು ಮಾಡಿ. ತೂಕ ಒಂದು ಕೆಜಿ ಇಳಿದ್ರೆ, ಪ್ರತಿ ಹೆಜ್ಜೆಗೂ ಮಂಡಿ ಮೇಲಿನ ಭಾರ ಸುಮಾರು ನಾಲ್ಕು ಕೆಜಿ ಇಳಿಯುತ್ತೆ. ನೋವಿನ ಜೆಲ್ ಹಚ್ಚಿದ್ರೂ ಮಾತ್ರೆಯ ಅಗತ್ಯ ಕಡಿಮೆಯಾಗುತ್ತೆ.

ಸೂಜಿ ಹಾಕಿಸ್ಕೊಂಡ ಮೇಲೆ ಮಂಡಿ ಕೆಂಪಾಗಿ ಊದಿಕೊಂಡು ಜ್ವರ ಬಂದ್ರೆ ಬೆಳಗಾಗಲಿ ಅಂತ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಡಾಕ್ಟರ ಹತ್ರ ಹೋಗುವಾಗ ಬಿಪಿ, ಶುಗರ್, ರಕ್ತ ತೆಳುವಾಗೋಕೆ ಕೊಟ್ಟಿರೋ ಮಾತ್ರೆ, ಮೆಡಿಕಲ್ ಶಾಪಿನಲ್ಲಿ ನೀವೇ ಕೇಳಿ ತಂದಿದ್ದು, ಎಲ್ಲವನ್ನೂ ಒಂದು ಚೀಲಕ್ಕೆ ಹಾಕ್ಕೊಂಡು ಹೋಗಿ ಅವರ ಮೇಜಿನ ಮೇಲಿಡಿ. ಒಂದನ್ನೂ ಮುಚ್ಚಿಡಬೇಡಿ ಅಕ್ಕಾ.