ವಿಚಾರ ಸಂಕಿರಣದ ಸಭಾಲಕ್ಷಣ: ಒಂದು ಶಾಸ್ತ್ರೀಯ ವಿವೇಚನೆ

ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧ ಚತುಷ್ಟಯ ಇರಲೇಬೇಕು. ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ: ಈ ನಾಲ್ಕನ್ನು ಮೊದಲೇ ಹೇಳದವನ ಗ್ರಂಥವನ್ನು ಹಿಂದಿನ ಪಂಡಿತರು ಬಿಚ್ಚಿಯೂ ನೋಡುತ್ತಿರಲಿಲ್ಲ. ಪ್ರಸ್ತುತ ಗ್ರಂಥದ ವಿಷಯ, ಕರ್ನಾಟಕದ ಎಂಜಿನಿಯರಿಂಗ್ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ‘ಮುಂಬರುವ ಕಾರ್ಯಕ್ರಮಗಳು’ ಎಂಬ ತಲೆಬರಹದಡಿ ಗುಂಡುಸೂಜಿಗೆ ಸಿಕ್ಕಿಕೊಂಡಿರುವ ಸಮಸ್ತವೂ. ಪ್ರಯೋಜನ, ಸರ್ಟಿಫಿಕೇಟು. ಸಂಬಂಧ, ಆಹ್ವಾನ ಪತ್ರಿಕೆಯ ವಿಷಯಕ್ಕೂ ವೇದಿಕೆಯ ಭಾಷಣಕ್ಕೂ ಇರಬೇಕಾದದ್ದು, ಇದ್ದರೆ ಸಂತೋಷ. ಅಧಿಕಾರಿ, ಅಂದರೆ ಇದನ್ನು ಕೇಳಲು ಅರ್ಹತೆ ಪಡೆದವನು, ಆ ಪೀರಿಯಡ್ಡಿನಲ್ಲಿ ಲ್ಯಾಬ್ ಇಲ್ಲದ ಐದನೇ ಸೆಮಿಸ್ಟರಿನ ‘ಬಿ’ ಸೆಕ್ಷನ್.

ಮೊದಲು ಶಬ್ದವಿಚಾರ. ಸೆಮಿನಾರ್ ಎಂಬುದರ ಮೂಲ ಲ್ಯಾಟಿನ್ನಿನ ‘ಸೆಮಿನಾರಿಯಂ’. ಅರ್ಥ, ಬೀಜ ಚೆಲ್ಲಿ ಸಸಿ ಎಬ್ಬಿಸುವ ಸಸಿಮಡಿ. ಹಳೇ ಮೈಸೂರಿನ ರೈತರ ಬಾಯಲ್ಲಿ ಒಟ್ಲು. ಒಟ್ಲು ಹಾಕಿ ಬಲ್ಲವರಿಗೆ ಗೊತ್ತು, ಪೈರು ಒತ್ತೊತ್ತಾದರೆ ಒಂದೂ ದಪ್ಪವಾಗುವುದಿಲ್ಲ. 19ನೇ ಶತಮಾನದ ಬರ್ಲಿನ್‌ನಲ್ಲಿ ಇತಿಹಾಸಕಾರ ಲಿಯೋಪೋಲ್ಡ್ ಫಾನ್ ರಾಂಕೆ ನಡೆಸುತ್ತಿದ್ದ ಸೆಮಿನಾರೂ ಹಾಗೇ, ಕೆಲವೇ ವಿದ್ಯಾರ್ಥಿಗಳನ್ನು ಸುತ್ತ ಕೂರಿಸಿಕೊಂಡು ಮೂಲ ದಾಖಲೆಗಳನ್ನು ಕೆದಕುವ ಕೂಟವಾಗಿತ್ತು. 200 ಕುರ್ಚಿಯ ಹಾಲಿಗೆ ಐದು ಸೆಕ್ಷನ್ ತುಂಬುವ ಬೇಸಾಯ ಪದ್ಧತಿ ಆಮೇಲಿನದು.

ಸಿಂಪೋಸಿಯಂ ಎಂದರೆ ಗ್ರೀಕರಲ್ಲಿ ಕೂಡಿ ಕುಡಿಯುವುದು. ಈ ಅರ್ಥವನ್ನು ನಮ್ಮ ಕಾಲೇಜುಗಳು ಹನ್ನೊಂದು ಗಂಟೆಗೆ ಪೇಪರ್ ಲೋಟದಲ್ಲಿ ಉಳಿಸಿಕೊಂಡಿವೆ. ‘ಸಂಕಿರಣ’ಕ್ಕೂ ‘ಸಂಕೀರ್ಣ’ಕ್ಕೂ ಧಾತು ಒಂದೇ, ಕಾರ್ಯಕ್ರಮ ಪಟ್ಟಿ ನೋಡಿದರೆ ನಂಬಿಕೆ ಬರುತ್ತದೆ. ಕಷ್ಟವಿರುವುದು ‘ವರ್ಕ್‌ಷಾಪ್’ನಲ್ಲಿ. ಅದು ಮೊದಲ ವರ್ಷದವರು ಅರ ಹಿಡಿದು ಕಬ್ಬಿಣ ಉಜ್ಜಿ, ಡವ್‌ಟೇಲ್ ಜೋಡಣೆ ಕೂರದೆ ಬೆವರುವ ಶೆಡ್ಡೂ ಹೌದು, ಎಸಿ ಹಾಲಿನಲ್ಲಿ ಎರಡು ದಿನ ಸ್ಲೈಡು ನೋಡುವ ಕಾರ್ಯಾಗಾರವೂ ಹೌದು. ಕೈಗೆ ಎಣ್ಣೆ ಹತ್ತಿದರೆ ಮೊದಲನೆಯದು, ಫೈಲು ಮತ್ತು ಪೆನ್ನು ಹತ್ತಿದರೆ ಎರಡನೆಯದು ಎಂದು ನಿರ್ಣಯ.

ಹ್ಯಾಕಥಾನ್ ಎಂಬ ಪ್ರಭೇದ ಹೊಸದು. ಕೇಂದ್ರ ಸರ್ಕಾರದ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ 2017ರಲ್ಲಿ ಶುರುವಾದ ಮೇಲೆ ಇದು ಕಾಲೇಜು ಕಾಲೇಜಿಗೂ ಹಬ್ಬಿತು. ಆದರೆ ಇದರ ಆಚಾರ ಪುರಾತನ: ಅಹೋರಾತ್ರಿ ಕೂರುವುದು, ಒಬ್ಬ ತೂಕಡಿಸಿದರೆ ಮತ್ತೊಬ್ಬ ಎತ್ತಿಕೊಳ್ಳುವುದು, ನಡುರಾತ್ರಿ ಉಪ್ಪಿಟ್ಟು, ಬೆಳಿಗ್ಗೆ ಮಂಗಳ. ತಾಳದ ಬದಲು ಕೀಬೋರ್ಡು ಇರುವ ಅಖಂಡ ಭಜನೆಯೆಂದು ಇದನ್ನು ವರ್ಗೀಕರಿಸಲಾಗಿದೆ.

ಕಾಲೇಜು ಉತ್ಸವಗಳ ನಾಮಕರಣದಲ್ಲಿ ಸಾಮಾನ್ಯವಾಗಿ ಗ್ರೀಕ್, ಸಂಸ್ಕೃತ ಮತ್ತು ಯಾವ ಭಾಷೆಯೂ ಅಲ್ಲದ್ದು ಎಂಬ ಮೂರು ಸಂಪ್ರದಾಯಗಳಿವೆ. ಸುರತ್ಕಲ್ಲಿನ ಎನ್‌ಐಟಿಕೆ ತನ್ನ ತಾಂತ್ರಿಕ ಉತ್ಸವವನ್ನು ‘ಎಂಜಿನಿಯರ್’ ಎಂದೇ ಕರೆದು ಈ ಜಗಳದಿಂದ ಪಾರಾಯಿತು. ಬೆಂಗಳೂರಿನ ಆರ್.ವಿ. ಕಾಲೇಜಿನ ಉತ್ಸವ ‘8ತ್ ಮೈಲ್’. ಕಾಲೇಜು ಮೈಸೂರು ರಸ್ತೆಯ ಎಂಟನೇ ಮೈಲಿಯಲ್ಲಿರುವುದೇ ಕಾರಣ. ಹೆಸರು ಕೇಳಿದರೆ ಬಸ್ಸು ಎಲ್ಲಿ ಇಳಿಯಬೇಕೆಂದು ತಿಳಿಯುವ ಉತ್ಸವ ಶಾಸ್ತ್ರದಲ್ಲಿ ಅಪರೂಪ.

ಇನ್ನು ಕಾಲನಿರ್ಣಯ. ಸಂಕಿರಣದ ಪಂಚಾಂಗದಲ್ಲಿ ಮಹಾಪರ್ವವೆಂದರೆ ಸೆಪ್ಟೆಂಬರ್ 15. 1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರ ನೆನಪಿಗೆ 1968ರಿಂದ ಅದು ಎಂಜಿನಿಯರ್‌ಗಳ ದಿನ. ಫೆಬ್ರವರಿ 28, 1928ರ ರಾಮನ್ ಪರಿಣಾಮದ ನೆನಪಿಗೆ ವಿಜ್ಞಾನ ದಿನ. ಮೇ 11, 1998ರ ಪೋಖ್ರಾನ್ ಪರೀಕ್ಷೆಯ ನೆನಪಿಗೆ ತಂತ್ರಜ್ಞಾನ ದಿನ. ನಡುವೆ ಇಂಟರ್ನಲ್ಸ್ ಎಂಬ ಗ್ರಹಣಗಳು ಬರುತ್ತವೆ; ಆಗ ಶುಭಕಾರ್ಯ ವರ್ಜ್ಯ. ಮಾರ್ಚ್ ತಿಂಗಳಲ್ಲಿ ಮಾತ್ರ ರಾಹುಕಾಲವನ್ನೂ ನೋಡುವುದಿಲ್ಲ. ಅನುದಾನ 31ರೊಳಗೆ ಖರ್ಚಾಗಬೇಕು. ಇಷ್ಟೆಲ್ಲ ಗಣಿಸಿದ ಮೇಲೂ ಮುಹೂರ್ತ ನಿಲ್ಲುವುದು ಮುಖ್ಯ ಅತಿಥಿಯ ಡೈರಿಯಲ್ಲಿ ಎಂಬುದು ಸಿದ್ಧಾಂತ.

ಈಗ ಗ್ರಂಥದ ಹೃದಯಭಾಗ, ಪೂರ್ವರಂಗ. ನಾಟಕ ಶುರುವಾಗುವ ಮುನ್ನ ಏನೇನು ನಡೆಯಬೇಕೆಂದು ಹೇಳಲು ಭರತ ನಾಟ್ಯಶಾಸ್ತ್ರದ ಐದನೆಯ ಅಧ್ಯಾಯವನ್ನೇ ಮೀಸಲಿಟ್ಟ. ಅದರ ಮೊದಲ ಒಂಬತ್ತು ಅಂಗಗಳು ಪರದೆಯ ಹಿಂದೆ, ವಾದ್ಯ ಹೊಂದಿಸುವ ಕೆಲಸ. ಕಾಲೇಜುಗಳಲ್ಲಿ ಒಂಬತ್ತೂ ಸೇರಿ ‘ಹಲೋ, ಹಲೋ, ಮೈಕ್ ಚೆಕ್’ ಎಂದಾಗಿವೆ. ಯಕ್ಷಗಾನದವರು ಇದೇ ಪೂರ್ವರಂಗವನ್ನು ಸಭಾಲಕ್ಷಣ ಎನ್ನುತ್ತಾರೆ. ಅಲ್ಲಿ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳು ಬಂದುಹೋಗುತ್ತವೆ. ಕೋಡಂಗಿಗಳು ಹೆಜ್ಜೆ ಕಲಿಯುತ್ತಿರುವ ಹುಡುಗರು. ಇಲ್ಲಿ ಆ ಸ್ಥಾನದಲ್ಲಿ ಹಾರದ ತಟ್ಟೆ ಹಿಡಿದು ವೇದಿಕೆಯ ಯಾವ ಕಡೆಯಿಂದ ಹತ್ತಬೇಕೆಂದು ತಿಳಿಯದೆ ನಿಂತ ಮೊದಲ ವರ್ಷದವರಿದ್ದಾರೆ. ಪ್ರಾರ್ಥನೆ, ಸ್ವಾಗತ, ಗಾಳಿಗೆ ಆರುತ್ತಲೇ ಇರುವ ದೀಪ, ಪ್ರಾಸ್ತಾವಿಕ ನುಡಿ, ಅತಿಥಿ ಪರಿಚಯ, ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಫೋಟೋಕ್ಕಾಗಿ ಮತ್ತೊಮ್ಮೆ ಹಣ್ಣಿನ ಬುಟ್ಟಿ. ಮೇಳದವರ ಸಭಾಲಕ್ಷಣ ಮುಗಿದ ಮೇಲೆ ಪ್ರಸಂಗಕ್ಕೆ ಇಡೀ ರಾತ್ರಿ ಇರುತ್ತಿತ್ತು. ಸಂಕಿರಣದ ಪ್ರಸಂಗಕ್ಕೆ ಉಳಿಯುವುದು ಪುಲಾವ್ ಬರುವವರೆಗಿನ ಹೊತ್ತು.

ಪೂರ್ವಪಕ್ಷಿ ಇಲ್ಲಿ ಕೇಳಬಹುದು: ಹಾಗಾದರೆ ಸಭಿಕರು ಎದ್ದು ಹೋಗುವುದಿಲ್ಲವೇಕೆ? ಉತ್ತರ ಶಾಸನಶಾಸ್ತ್ರದಲ್ಲಿದೆ. ಕನ್ನಡದ ದಾನಶಾಸನಗಳು ತಿಥಿ ಹೇಳಿ, ದಾನಿಯನ್ನು ಹೇಳಿ, ಸಾಕ್ಷಿ ಹೇಳಿ, ಕಡೆಗೆ ಇದನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರಲೆಂದು ಶಪಿಸುತ್ತವೆ. ಸಂಕಿರಣದ ಸುತ್ತೋಲೆಯದೂ ಅದೇ ಕಟ್ಟು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆಗೆ ಕೂರಲು ಶೇ 85 ಹಾಜರಿ ಬೇಕು. ‘ಹಾಜರಿ ಹಾಲಿನಲ್ಲೇ ತೆಗೆದುಕೊಳ್ಳಲಾಗುವುದು’ ಎಂಬ ಕೊನೆಯ ಸಾಲೇ ಶಾಪಾಶಯ. ಷಾರ್ಟೇಜ್ ಎಂಬ ಪಾಪಕ್ಕೆ ಗಂಗಾಸ್ನಾನದಿಂದಲೂ ಪರಿಹಾರವಿಲ್ಲ.

ಮಾದರಿಗಾಗಿ ಒಂದು ಎಂಜಿನಿಯರ್‌ಗಳ ದಿನವನ್ನು ಹತ್ತಿರದಿಂದ ನೋಡೋಣ. ಕಾಲೇಜಿನ ಹೆಸರು ಬೇಡ, ಯಾವುದೆಂದರೂ ನಡೆಯುತ್ತದೆ. ವಿಷಯ ‘ಸುಸ್ಥಿರ ಅಭಿವೃದ್ಧಿ’, ಹನ್ನೆರಡಡಿ ಉದ್ದದ ಫ್ಲೆಕ್ಸ್ ಮೇಲೆ. ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದ್ದು ಫ್ಲೆಕ್ಸಿಗೆ ಗೊತ್ತಿಲ್ಲ. ಸಂಪನ್ಮೂಲ ವ್ಯಕ್ತಿ, ನೀರಾವರಿ ಇಲಾಖೆಯ ನಿವೃತ್ತ ಎಂಜಿನಿಯರ್. ಅವರು ಎದ್ದು ನಿಂತರು. ಪ್ರೊಜೆಕ್ಟರ್ ನೀಲಿ ಪರದೆ ತೋರಿಸಿ ‘ಸಿಗ್ನಲ್ ಇಲ್ಲ’ ಎಂದಿತು.

ಹಾಲಿನಲ್ಲಿ ಎಲೆಕ್ಟ್ರಾನಿಕ್ಸ್, ಎಲೆಕ್ಟ್ರಿಕಲ್, ಕಂಪ್ಯೂಟರ್ ಸೈನ್ಸ್ ಮೂರೂ ವಿಭಾಗಗಳ ಡಾಕ್ಟರೇಟುಗಳಿದ್ದವು. ಎಲ್ಲರೂ ಬಾಗಿಲ ಕಡೆ ನೋಡಿದರು. ಅಟೆಂಡರ್ ಬಂದ.

‘ಏನಪ್ಪಾ, ನಿನ್ನೆ ಸಾಯಂಕಾಲ ಬರ್ತಿತ್ತಲ್ಲ?’ ಎಂದರು ಎಚ್‌ಒಡಿ.

‘ನಿನ್ನೆ ಬೇರೆ ಲ್ಯಾಪ್‌ಟಾಪು ಸಾರ್.’

ಕೇಬಲ್ಲನ್ನು ಸ್ವಲ್ಪ ಓರೆ ಮಾಡಿ ಅದರಡಿ ಡಸ್ಟರ್ ಕೊಟ್ಟ. ಚಿತ್ರ ಮೂಡಿತು, ಕೈ ಬಿಟ್ಟೊಡನೆ ಹೋಯಿತು. ಅತಿಥಿಗಳು, ‘ಇರಲಿ ಬಿಡಿ, ಒಂದು ಬೋರ್ಡ್ ಸಿಗುತ್ತಾ?’ ಎಂದರು. ಸ್ಮಾರ್ಟ್ ಹಾಲ್ ಮಾಡಿಸುವಾಗ ಬೋರ್ಡ್ ಕಿತ್ತುಹಾಕಿದ್ದರು. ಅಟೆಂಡರ್ ಹಿಂದಿನ ಕೋಣೆಯಿಂದ ಹೋದ ತಿಂಗಳ ಫ್ಲೆಕ್ಸ್ ತಂದು, ಬಿಳಿ ಬೆನ್ನು ಮುಂದಾಗುವಂತೆ ತೂಗುಹಾಕಿ, ಮಾರ್ಕರ್ ಕೊಟ್ಟ.

ಅದರ ಮೇಲೆ ಅವರು ಬರೆದದ್ದು ಅಣೆಕಟ್ಟಿಗೆ ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಬಾಗಿಲು. 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಮೊದಲು ಕೂರಿಸಿದ್ದು, ಆಮೇಲೆ ಗ್ವಾಲಿಯರಿನ ತಿಗ್ರಾಕ್ಕೂ ನಮ್ಮ ಕೃಷ್ಣರಾಜಸಾಗರಕ್ಕೂ ಬಂದದ್ದು. ಒಂದು ಅಡ್ಡಗೆರೆ ಎಳೆದು ‘ಪೂರ್ಣಮಟ್ಟ’ ಎಂದು ಬರೆದರು. ನೀರು ಈ ಗೆರೆ ದಾಟಿದರೆ ಬಾಗಿಲು ತಾನೇ ತೆರೆದುಕೊಳ್ಳುತ್ತದೆ, ಇಳಿದರೆ ತಾನೇ ಮುಚ್ಚಿಕೊಳ್ಳುತ್ತದೆ. ಕರೆಂಟೂ ಬೇಡ, ಪಕ್ಕದಲ್ಲಿ ಆಳೂ ಬೇಡ. ಹಿಂದಿನ ಸಾಲಿನಲ್ಲಿ ಮೊಬೈಲುಗಳು ಒಂದೊಂದಾಗಿ ಕೆಳಗಾದವು. ಒಬ್ಬ ಹುಡುಗ ಕೈಯೆತ್ತಿ, ‘ಸಾರ್, ಮರದ ದಿಮ್ಮಿ ಬಂದು ಸಿಕ್ಕಾಕ್ಕೊಂಡ್ರೆ?’ ಎಂದ.

ಮಟ್ಟ ಮೀರಿದ್ದನ್ನು ತಾನೇ ಹೊರಬಿಡುವ ಇಂಥ ಬಾಗಿಲನ್ನು ಮೈಕಿಗೆ ಅಳವಡಿಸುವ ಪ್ರಯತ್ನ ಈವರೆಗೆ ನಡೆದಿಲ್ಲ. ಸಮಯದ ಅಭಾವದಿಂದ ಪ್ರಶ್ನೋತ್ತರ ಕೈಬಿಡಲಾಗಿದೆಯೆಂದು ನಿರೂಪಕಿ ತಿಳಿಸಿದಳು. ಆ ಬಳಿಕ ಅಧ್ಯಕ್ಷೀಯ ಭಾಷಣ ಮುಕ್ಕಾಲು ಗಂಟೆ ಹರಿಯಿತು.

ಫಲಶ್ರುತಿ ಹೀಗೆ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಅಭಿಪ್ರಾಯ ತುಂಬಿದವರಿಗೆ ಸರ್ಟಿಫಿಕೇಟು ಮೇಲ್‌ಗೆ ಬರುತ್ತದೆ. ಕೆಲವರು ಪೂರ್ವರಂಗದಲ್ಲೇ ‘ಅತ್ಯುತ್ತಮ’ ಎಂದು ತುಂಬಿಯಾಗಿರುತ್ತದೆ. ಕಾಲೇಜಿಗೆ ವರದಿ. 1994ರಲ್ಲಿ ಹುಟ್ಟಿ ಬೆಂಗಳೂರಿನಲ್ಲೇ ಕಚೇರಿ ಹೂಡಿರುವ, ಕಾಲೇಜುಗಳ ಮೌಲ್ಯಮಾಪನ ಮಾಡುವ ನ್ಯಾಕ್‌ನ ಏಳು ಮಾನದಂಡಗಳಲ್ಲಿ ಯಾವುದಕ್ಕೆ ಈ ದಿನ ಸಲ್ಲುತ್ತದೆಂದು ನೋಡಿ, ಅಕ್ಷಾಂಶ ರೇಖಾಂಶ ಮೂಡಿದ ಜಿಯೋಟ್ಯಾಗ್ ಫೋಟೋ ಅಂಟಿಸಬೇಕು. ಪುಣ್ಯಕ್ಷೇತ್ರಕ್ಕೆ ಸ್ಥಳಪುರಾಣ ಹೇಗೋ ಸಂಕಿರಣಕ್ಕೆ ಈ ಅಕ್ಷಾಂಶ ಹಾಗೆ. ಮೇಲೆ ಕೋರ್ಸಿನ ಫಲಕ್ಕೂ ಪದವಿಯ ಫಲಕ್ಕೂ ತಾಳೆ ಹಾಕುವ ಕೋಷ್ಟಕ: 3 ಎಂದರೆ ಗಾಢ ಸಂಬಂಧ, 2 ಮಧ್ಯಮ, 1 ಅಲ್ಪ, ಏನೂ ಇಲ್ಲದಿದ್ದರೆ ಅಡ್ಡಗೀಟು. ಜಾತಕ ಕೂಡಿಸುವವರು ಇಷ್ಟು ಉದಾರವಾಗಿ ಗುಣ ಹಾಕಿದ್ದರೆ ನಾಡಿನಲ್ಲಿ ಒಂದು ಮದುವೆಯೂ ನಿಲ್ಲುತ್ತಿರಲಿಲ್ಲ.

ವರದಿಗೆ ಸೇರದ ಒಂದು ಪ್ರಕರಣ ಉಳಿದಿದೆ. ಊಟದ ಹೊತ್ತಿಗೆ ಕ್ಯಾಂಟೀನ್ ಹಿಂದೆ ಕೈ ತೊಳೆಯುವ ಬಕೆಟ್ಟಿನ ಸುತ್ತ ನಾಲ್ವರು ಹುಡುಗರು ಬಗ್ಗಿ ನಿಂತಿದ್ದರು. ನಿವೃತ್ತ ಎಂಜಿನಿಯರ್ ಪೇಟ ಕಂಕುಳಲ್ಲಿಟ್ಟುಕೊಂಡು, ಸ್ಟೀಲ್ ಲೋಟವನ್ನು ನೀರಿನ ಮೇಲೆ ತೇಲಿಬಿಟ್ಟು, ನಲ್ಲಿ ತಿರುಗಿಸಿ, ‘ನೋಡ್ರಪ್ಪ, ನೀರು ಏರ್ದಂಗೆ ಇದೂ ಏರುತ್ತೆ. ಈ ಏರೋದನ್ನೇ ಕೆಲಸಕ್ಕೆ ಹಚ್ಚೋದು’ ಎನ್ನುತ್ತಿದ್ದರು. ದಿಮ್ಮಿಯ ಹುಡುಗ ಬಿಡಲಿಲ್ಲ. ‘ಸಿಕ್ಕಾಕ್ಕೊಂಡ್ರೆ ಮುಚ್ಚಲ್ಲ ಕಣಯ್ಯ. ಅದಕ್ಕೇ ಮಳೆಗಾಲಕ್ಕೆ ಮುಂಚೆ ಹೋಗಿ ಒಂದ್ಸಲ ನೋಡ್ಕೊಂಡು ಬರಬೇಕು’ ಎಂದರು. ಜಿಯೋಟ್ಯಾಗ್ ಫೋಟೋ ಇಲ್ಲವಾದ್ದರಿಂದ ಇದಕ್ಕೆ ಯಾವ ಮಾನದಂಡವೂ ಅನ್ವಯಿಸದು. ರಾಂಕೆಯ ಕೂಟದಲ್ಲಿ ಬಕೆಟ್ ಇತ್ತೆಂಬುದಕ್ಕೂ ಆಧಾರ ಸಿಕ್ಕಿಲ್ಲ.

ಎರಡೂ ಫ್ಲೆಕ್ಸುಗಳನ್ನು ಅಟೆಂಡರ್ ಸುತ್ತಿಕೊಂಡು ಹೋದ. ‘ಸುಸ್ಥಿರ ಅಭಿವೃದ್ಧಿ’ ಈಗ ಅವನ ಮನೆಯ ಸೌದೆ ಮೇಲಿದೆ. ಮಾರ್ಕರಿನ ಚಿತ್ರದ್ದು ಸ್ಕೂಟರ್ ನಿಲ್ಲಿಸುವ ಜಾಗಕ್ಕೆ ಮಾಡು. ಮಳೆ ಬಂದಾಗ ಅದು ನಡುವೆ ಜೋತು, ನೀರು ತುಂಬುತ್ತಾ ತುಂಬುತ್ತಾ ‘ಪೂರ್ಣಮಟ್ಟ’ದ ಗೆರೆಗೆ ಬರುತ್ತದೆ. ಆಗ ಅವನ ಹೆಂಡತಿ ಪೊರಕೆಯ ಹಿಡಿಯಿಂದ ಕೆಳಗಿನಿಂದ ತಿವಿದು ಖಾಲಿ ಮಾಡುತ್ತಾಳೆ.